ನಮ್ಮ ಮೆಷಿನ್ನಿನ ಅಳತೆ

ತುಡಿಯಲೂರಿನ ನನ್ನ ಪಂಪ್ ವರ್ಕ್‌ಶಾಪಿನಲ್ಲಿ, ನೀರಿನ ಓಟದ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವ ಎಂಜಿನಿಯರ್ ಒಬ್ಬನಿದ್ದ. ಕಂಪ್ಯೂಟರಿನ ಜೊತೆಗೇ ಸಿಗುವ ಗಣಿತದ ಲೈಬ್ರರಿ, ಅಂದರೆ ಲೆಕ್ಕ ಮಾಡುವ ಸಿದ್ಧ ಕೋಡುಗಳ ಕಟ್ಟು, ಕಂಡರೆ ಮೂಗು ಮುರಿಯುತ್ತಿದ್ದ. “ಅದು ರೆಡಿಮೇಡ್ ಅಂಗಿ ಅಣ್ಣಾ. ನಮ್ಮ ಮೆಷಿನ್ನಿಗೆ ಅಳತೆ ತೆಗೆದೇ ಹೊಲೀಬೇಕು,” ಎಂದು ಕನ್ನಡಕ ಒರೆಸುವನು. ನಾಲ್ಕು ದಿನ ಕೂತು ಲೈಬ್ರರಿಯನ್ನು ತಾನೇ ಕಟ್ಟಿದ. ಸುಳ್ಳು ಹೇಳಬಾರದು, ಒಂದು ಗಂಟೆಯ ಲೆಕ್ಕ ಹತ್ತೇ ನಿಮಿಷಕ್ಕೆ ಬಂತು.

ಅದು ಸೇರಿದ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಇಬ್ಬರೂ ಕುನ್ನತ್ತೂರಿಗೆ ಹೋದೆವು. ಅಲ್ಲಿನ ಹಿರಿಯ ವ್ಯಾಪಾರಿ ನಮ್ಮ ಲೆಕ್ಕ ನೋಡಿ ಒಪ್ಪಿದರೆ ವರ್ಷವಿಡೀ ನಮ್ಮ ಪಂಪಿಗೆ ಆರ್ಡರ್. ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ತೆರೆದ ಕ್ಷಣವೇ ನಿಂತುಹೋಯಿತು. ನಮ್ಮ ಹೊಸ ಪ್ರೊಸೆಸರಿಗೆಂದೇ ಕಟ್ಟಿದ್ದು ಹಳೆಯದರಲ್ಲಿ ಓಡುವುದಿಲ್ಲವಂತೆ.

“ನಿಮ್ಮ ಪಂಪೂ ನಿಮ್ಮ ವರ್ಕ್‌ಶಾಪಲ್ಲಿ ಮಾತ್ರ ಓಡೋದಾ ತಂಬಿ?” ಎಂದು ನಕ್ಕ ವ್ಯಾಪಾರಿ, ಆರ್ಡರನ್ನು ಬೇರೆಯವರಿಗೆ ಕೊಟ್ಟರು.

ನನ್ನ ಮಾತು ಕೇಳಿ: ಗಿರಾಕಿಯ ಹತ್ತಿರ ಹೋಗುವಾಗ, ನಿಧಾನವಾದರೂ ಎಲ್ಲ ಕಡೆ ಓಡುವುದೊಂದು ಕೈಯಲ್ಲಿರಲಿ.

ವಾಪಸ್ ಬರುವ ಬಸ್ಸಿನಲ್ಲಿ ಅವನು ಕೈಯಲ್ಲಿದ್ದ ಒಂದು ಚೀಟಿಯನ್ನೇ ನೋಡುತ್ತ ಕೂತಿದ್ದ. ಪಾಪ, ನೊಂದುಕೊಂಡಿದ್ದಾನೆ ಅಂದುಕೊಂಡೆ.

“ಅಣ್ಣಾ,” ಅಂದ ಕೊನೆಗೆ, “ಅವರ ಪ್ರೊಸೆಸರ್ ಯಾವುದೂಂತ ಬರೆದುಕೊಂಡು ಬಂದಿದೀನಿ. ಇನ್ನೊಂದು ವಾರ ಕೊಡಿ.”