ತಮ್ಮನ ಹಣೆಯ ತೂತಿನ ಕಾಸು

ಮೊನ್ನೆ ಚನ್ನಪಟ್ಟಣದ ಬೊಂಬೆ ಅಂಗಡಿಯಲ್ಲಿ ಮೊಮ್ಮಗಳು ಒಂದು ಕೀ ಚೈನ್ ಆರಿಸಿಕೊಂಡಳು. ಮರದ ಗಿಳಿಯ ಕೆಳಗೆ, ನಡುವೆ ತೂತಿರುವ ಹಳೇ ತಾಮ್ರದ ಕಾಸು ನೇತಾಡುತ್ತಿತ್ತು. ನನ್ನ ಕತ್ತು ತಣ್ಣಗಾಯಿತು.

ಆಗಿನ್ನೂ ಮೈಸೂರಲ್ಲಿ ಮಹಾರಾಜರಿದ್ದರು. ಯುದ್ಧಕ್ಕೆ ತಾಮ್ರ ಸಾಲದೆಂದು ಬ್ರಿಟಿಷರು ಕಾಸಿನ ಹೊಟ್ಟೆಯನ್ನೇ ಕೊರೆದಿದ್ದರು. ಇಂಗ್ಲೆಂಡಿನ ರಾಜನ ಮುಖ ಹೋಗಿ ಕಿರೀಟವಷ್ಟೇ ಉಳಿದಿತ್ತು. ನಮ್ಮ ಕೇರಿಯಲ್ಲಿ ಅದನ್ನು ಕರಿದಾರಕ್ಕೆ ಪೋಣಿಸಿ ಮಕ್ಕಳ ಕತ್ತಿಗೆ ಕಟ್ಟುತ್ತಿದ್ದರು.

ಮಾಗಡಿ ಕಡೆಯ ನಮ್ಮೂರಿನಲ್ಲಿ ಹೆಣದ ಗುಂಡಿ ತೋಡುವುದು ತಾತನ ತಲೆಗೆ ಕಟ್ಟಿದ್ದ ಚಾಕರಿ. ದೊಡ್ಡ ಮನೆಯವರ ಹೆಣದ ಹಣೆಗೆ ಅಂಟಿಸಿದ ಬೆಳ್ಳಿ ಕಾಸನ್ನು ಮಣ್ಣು ಮುಚ್ಚುವ ಮೊದಲು ಅವನು ತೆಗೆದುಕೊಳ್ಳಬೇಕು. ಬೇರೆ ಕೂಲಿಯಿಲ್ಲ. ಅದು ಅಂದೇ ರಾಗಿಯಾಗಿ ಹೊಟ್ಟೆ ಸೇರುತ್ತಿತ್ತು.

ಜ್ವರದಲ್ಲಿ ತಮ್ಮ ಸತ್ತಾಗ, ನನ್ನ ಕತ್ತಿನ ತೂತಿನ ಕಾಸು ಬಿಟ್ಟರೆ ಮನೆಯಲ್ಲಿ ಒಂದು ಕಾಸೂ ಇರಲಿಲ್ಲ.

"ಬರೀ ಹಣೇಲಿ ಕಳುಸ್ಬ್ಯಾಡಿ ಮಾವ," ಎಂದು ಅವ್ವ ತಾತನ ಕಾಲು ಹಿಡಿದಳು.

ತಾತ ನನ್ನ ಕತ್ತಿನ ದಾರಕ್ಕೆ ಕೈ ಹಾಕಿದ. ಕೊಡುವುದಿಲ್ಲವೆಂದು ಅವನ ಕೈ ಕಚ್ಚಿದೆ. ಅವನು ಕಿತ್ತುಕೊಂಡು ತಮ್ಮನ ಹಣೆಗೆ ಅಂಟಿಸಿದ. ಕಾಸಿನ ತೂತಿನೊಳಗೆ ತಮ್ಮನ ಹಣೆ ಕಾಣುತ್ತಿತ್ತು.

ತಾತನೇ ಗುಂಡಿ ತೋಡಿ ತಮ್ಮನನ್ನು ಇಳಿಸಿದ. ಆಮೇಲೆ ಪದ್ಧತಿಯಂತೆ ಕಾಸು ತೆಗೆದುಕೊಂಡು ನನ್ನ ಕತ್ತಿಗೇ ಕಟ್ಟಿದ.

"ತಗಳವ್ವ, ನಿನ್ ತಮ್ಮ ಕೊಟ್ಟವ್ನೆ."

ಸ್ವಂತ ಮೊಮ್ಮಗನ ಹೆಣದಿಂದಲೂ ಕೂಲಿ ಎತ್ತಿಸಿದ ಪದ್ಧತಿ ಅದು. ಆ ಕಾಸು ನನ್ನ ಎದೆಯ ಮೇಲೆ ಮತ್ತೆಂದೂ ಬೆಚ್ಚಗಾಗಲಿಲ್ಲ.

ಅಂಗಡಿಯಲ್ಲಿ ಮೊಮ್ಮಗಳು ಕಾಸನ್ನು ಬೊಟ್ಟಿನಂತೆ ಹಣೆಗೊತ್ತಿಕೊಂಡು ನಕ್ಕಳು.

"ಅಜ್ಜಿ, ಹೆಂಗೈತೆ?"

ಎಲ್ಲರೂ ತಿರುಗಿ ನೋಡುವಂತೆ ಅವಳ ಕೈಗೆ ಹೊಡೆದುಬಿಟ್ಟೆ.