ಹಿಟ್ಟಿನ ಗಿರಣಿಯ ವೆಬ್‌ಸೈಟ್

ನಮ್ಮ ಶಾಲೆಯ ವೇಳಾಪಟ್ಟಿ ಹಾಕುವ ಕೆಲಸ ಗಣಿತದ ಶಿಕ್ಷಕಿಯಾದ ನನ್ನ ಕೊರಳಿಗೆ ಬಿದ್ದಿತ್ತು. ಪ್ರತಿ ಜೂನ್‌ನಲ್ಲೂ ಎಷ್ಟು ಎಚ್ಚರಿಕೆಯಿಂದ ಹಾಕಿದರೂ ಹಿಂದಿ ಸರ್ ಒಂದೇ ಹೊತ್ತಿಗೆ ಎರಡು ತರಗತಿಯಲ್ಲಿರಬೇಕಾಗುತ್ತಿತ್ತು. ಒಂದು ವರ್ಷ ಬೇಸತ್ತು ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ವೇಳಾಪಟ್ಟಿ ಹಾಕಿಕೊಡುವ ತಂತ್ರಾಂಶವೊಂದು ಸಿಕ್ಕಿತು. ಪುಕ್ಕಟೆಯದು, ಅದರ ಒಳಗಿನ ಕೋಡ್‌ ಅನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ಬೇರೆ ಬೇರೆ ದೇಶಗಳ ಐದಾರು ಮಂದಿ ಬಿಡುವಿನ ವೇಳೆಯಲ್ಲಿ ಮಾಡಿದ್ದು. ಕೆಲಸವೇನೋ ಚೊಕ್ಕಟ. ಆದರೆ ಅದನ್ನು ಬಳಸುವುದು ಹೇಗೆ ಎಂದು ಅವರು ಎಲ್ಲಿಯೂ ಬರೆದಿರಲಿಲ್ಲ.

ನಾನು ಬರೆದೆ. ಮೊದಲು ಕನ್ನಡದಲ್ಲಿ, ಆಮೇಲೆ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಚಿತ್ರಗಳ ಸಮೇತ. ಅವರಿಗೆ ಕಳಿಸಿದರೆ ಹಿರಿಹಿರಿ ಹಿಗ್ಗಿದರು. ಇದನ್ನೊಂದು ವೆಬ್‌ಸೈಟ್ ಮಾಡಿಡಿ, ಎಲ್ಲರನ್ನೂ ಅಲ್ಲಿಗೇ ಕಳಿಸುತ್ತೇವೆ ಎಂದರು. ಬೇಸಿಗೆ ರಜೆಯಲ್ಲಿ ಕೂತು ವೆಬ್‌ಸೈಟ್ ಕಟ್ಟಿದೆ. ಅಂಥದ್ದನ್ನು ಎಲ್ಲಿಯಾದರೂ ದೊಡ್ಡ ಯಂತ್ರದಲ್ಲಿ ಪುಕ್ಕಟೆ ಇಡುವ ಸೌಲಭ್ಯವಿತ್ತು. ಆದರೆ ನನಗೊಂದು ಹಟ: ನಾನು ಬರೆದದ್ದು ನನ್ನ ಊರಿನಲ್ಲೇ, ನನ್ನದೇ ಹಳೆಯ ಕಂಪ್ಯೂಟರಿನಲ್ಲೇ ಇರಬೇಕು.

ಆ ಕಂಪ್ಯೂಟರು ಆರಿದರೆ ವೆಬ್‌ಸೈಟೂ ಯಾರಿಗೂ ಸಿಗುವುದಿಲ್ಲ, ರೋಣದ ನಮ್ಮ ಓಣಿಯಲ್ಲೋ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಕರೆಂಟು ಹೋಗದ ಜಾಗ ನನಗೆ ಗೊತ್ತಿದ್ದದ್ದು ಒಂದೇ, ದವಾಖಾನೆಯ ಮಗ್ಗುಲಿನ ಹಿಟ್ಟಿನ ಗಿರಣಿ. ದವಾಖಾನೆಯ ಲೈನಿನಿಂದಲೇ ಅದಕ್ಕೂ ಕರೆಂಟು. ಗಿರಣಿಯ ಯಜಮಾನರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಅರವತ್ತರ ಆಸುಪಾಸಿನ ಅವರು ಗಿರಣಿಯ ಹಿಂದಿನ ಕೋಣೆಯಲ್ಲೇ ಒಬ್ಬರೇ ಇರುತ್ತಿದ್ದರು. ಜೋಳ ಬೀಸಿಸಲು ಹೋದಾಗ, ನನ್ನ ಕಂಪ್ಯೂಟರನ್ನು ಇಲ್ಲಿಡಬಹುದೇ ಎಂದು ಅಳುಕುತ್ತಲೇ ಕೇಳಿದೆ.

“ಡಬ್ಬಿ ಎಷ್ಟ ದೊಡ್ಡದೈತ್ರಿ ಅಕ್ಕೋರ?”

“ಒಂದು ತಗಡಿನ ಡಬ್ಬಿಯಷ್ಟರಿ.”

“ಸಪ್ಪಳಾ ಮಾಡ್ತೈತೇನು?”

“ನಿಮ್ಮ ಗಿರಣ್ಯಾಗ ಅದರ ಸಪ್ಪಳಾ ಕೇಳೂದಿಲ್ರಿ.”

“ಅದರಾಗ ಏನಿರತೈತಿ?”

“ಪುಸ್ತಕಾ ಇದ್ದಂಗರಿ. ಜಗತ್ತಿನ್ಯಾಗ ಯಾರ ಬೇಕಾದರೂ ಓದಬಹುದು.”

ಚಾಚಾ ಕೈಯ ಹಿಟ್ಟು ಝಾಡಿಸಿಕೊಂಡು, ತಕ್ಕಡಿಯ ಮೇಲಿನ ಹಲಗೆಯಲ್ಲಿ ಜಾಗ ಮಾಡಿಕೊಟ್ಟರು. ಕೇಬಲ್‌ನವರು ಬಂದು ಇಂಟರ್‌ನೆಟ್ ತಂತಿ ಎಳೆದರು. ಅಕಸ್ಮಾತ್ ಕರೆಂಟು ಹೋಗಿ ಬಂದರೆ ಕಂಪ್ಯೂಟರು ತಾನಾಗಿಯೇ ಎದ್ದು ಕೂರುವ ಏರ್ಪಾಟನ್ನೂ ಮಾಡಿದೆ. ಆ ಜಾಣತನವೇ ಮುಂದೆ ನನಗೆ ಮುಳುವಾಯಿತು.

ಎರಡು ತಿಂಗಳಾಗಿರಬೇಕು. ಜರ್ಮನಿಯಿಂದ ಒಬ್ಬರು ಬರೆದರು: ನಿಮ್ಮ ವೆಬ್‌ಸೈಟ್ ಪ್ರತಿ ಶುಕ್ರವಾರ ಬೆಳಗ್ಗೆ ಒಂದು ತಾಸು ಸಿಗುವುದಿಲ್ಲ, ಯಾಕೆ? ಅವರ ಬೆಳಗ್ಗೆ ಎಂದರೆ ನಮ್ಮ ಮಧ್ಯಾಹ್ನ. ಆ ಹೊತ್ತಿಗೆ ನಾನು ನರೇಗಲ್ಲಿನ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತೇನೆ. ಸಂಜೆ ಬಸ್ಸಿಳಿದು ಬಂದು ನೋಡಿದರೆ ಎಲ್ಲ ಸರಿ ಇರುತ್ತಿತ್ತು. ಆದರೆ ಕಂಪ್ಯೂಟರು ಮಧ್ಯೆ ಒಮ್ಮೆ ಸತ್ತು ಎದ್ದದ್ದು ಅದರ ದಾಖಲೆಯಲ್ಲಿ ಕಾಣುತ್ತಿತ್ತು.

“ಚಾಚಾ, ಶುಕ್ರವಾರ ಕರೆಂಟ್ ಹೋಗಿತ್ತೇನ್ರಿ?”

ಚಾಚಾಗೆ ಅವಮಾನವಾದಂತಾಯಿತು. “ಏನ್ ಮಾತಾಡ್ತೀರಿ ಅಕ್ಕೋರ! ನಮ್ಮ ಲೈನಿನ್ಯಾಗ ಕರೆಂಟ್ ಹೋಗೂದೇ ಇಲ್ಲ. ಬೇಕಾರ ದವಾಖಾನಿ ನರ್ಸಮ್ಮನ್ನ ಕೇಳ್ರಿ.”

ಕೇಳಿದೆ. ಹೋಗಿಲ್ಲ ಎಂದರು ನರ್ಸಮ್ಮ.

ಹಾಗಾದರೆ ತಪ್ಪು ಕಂಪ್ಯೂಟರಿನದೇ. ಒಂದು ಭಾನುವಾರ ಅದನ್ನು ಗಿರಣಿಯ ಕಟ್ಟೆಯ ಮೇಲಿಟ್ಟು ಬಿಚ್ಚಿದೆ. ಒಳಗೆ ಎರಡು ಭಕ್ಕರಿಗೆ ಆಗುವಷ್ಟು ಜೋಳದ ಹಿಟ್ಟಿತ್ತು. ಅದರ ಕೆಳಗೆ ಖಾರದ ಪುಡಿ. ಫ್ಯಾನಿಗೆ ಊದಿದೆ, ನೋಡಿ. ನಾನು ಸೀನಿದೆ, ಚಾಚಾ ಸೀನಿದರು, ಖಾರ ಕುಟ್ಟಿಸಲು ಬಂದವರು ಸೀನಿದರು, ದವಾಖಾನೆಯ ಬಾಗಿಲಲ್ಲಿ ಚೀಟಿ ಹಿಡಿದು ನಿಂತವರು ಸಾಲಾಗಿ ಸೀನಿದರು. ಒಬ್ಬ ಮುದುಕಪ್ಪ ಬಂದದ್ದು ಮೊಣಕಾಲು ನೋವಿಗೆ. ಡಾಕ್ಟರು ನೆಗಡಿಗೂ ಗುಳಿಗೆ ಬರೆದುಕೊಟ್ಟರಂತೆ. ಹೊಸ ಫ್ಯಾನು ಹಾಕಿ, ಕಂಪ್ಯೂಟರಿಗೆ ತಲೆದಿಂಬಿನ ಚೀಲ ತೊಡಿಸಿ ಮನೆಗೆ ಬಂದೆ.

ಮುಂದಿನ ಶುಕ್ರವಾರ ಮತ್ತೆ ಅದೇ ಕಥೆ. ಅದೂ ಸಾಲದೆಂಬಂತೆ ಈಗ ಫಿನ್ಲೆಂಡಿನ ಶಿಕ್ಷಕಿಯೊಬ್ಬರು ಇನ್ನೊಂದು ದೂರು ತಂದರು: ತಿಂಗಳಿಗೊಮ್ಮೆ ವೆಬ್‌ಸೈಟ್ ಇಡೀ ದಿನ ಕಾಣೆಯಾಗುತ್ತದೆ, ತಾರೀಖು ಮಾತ್ರ ಪ್ರತಿ ಸಲ ಬೇರೆ. ತಂತ್ರಾಂಶ ಮಾಡಿದವರಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಯಾರೋ ದಾಳಿ ಮಾಡುತ್ತಿದ್ದಾರೆ ಎಂದರು ಒಬ್ಬರು. ಕಂಪ್ಯೂಟರಿನ ಮೆಮೊರಿಯಲ್ಲಿ ಕಸ ಸೇರುತ್ತಿದೆ, ಅದು ತುಂಬಲು ಸುಮಾರು ಮೂವತ್ತು ದಿನ ಬೇಕಾಗುತ್ತಿದೆ ಎಂದು ಇನ್ನೊಬ್ಬರು ಲೆಕ್ಕ ಹಾಕಿ ತೋರಿಸಿದರು. ಅವರ ಮಾತು ಕೇಳಿ ನಾನು ಇಡೀ ದಸರಾ ರಜೆ ಕಂಪ್ಯೂಟರನ್ನು ಖಾಲಿ ಮಾಡುವುದರಲ್ಲಿ, ತುಂಬುವುದರಲ್ಲಿ ಕಳೆದೆ.

ಕೊನೆಗೆ ಫಿನ್ಲೆಂಡಿನ ಶಿಕ್ಷಕಿಯೇ ಬಹಳ ಸಂಕೋಚದಿಂದ ಬರೆದರು: ನನ್ನನ್ನು ಹುಚ್ಚಿ ಎಂದುಕೊಳ್ಳಬೇಡಿ, ನಿಮ್ಮ ವೆಬ್‌ಸೈಟ್ ಚಂದ್ರನಿಲ್ಲದ ದಿನ ಕೆಲಸ ಮಾಡುವುದಿಲ್ಲ.

ಉಳಿದವರು ನಕ್ಕರಂತೆ. ನನಗೆ ನಗು ಬರಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ಅವರು ಕೊಟ್ಟ ತಾರೀಖುಗಳ ಮೇಲೆ ಬೆರಳಿಡುತ್ತ ಹೋದೆ. ಒಂದೊಂದರ ಕೆಳಗೂ ಕರಿ ಚುಕ್ಕಿ. ಅಮಾವಾಸ್ಯೆ. ಚಪ್ಪಲಿ ಮೆಟ್ಟಿಕೊಂಡು ಗಿರಣಿಗೆ ಓಡಿದೆ.

“ಚಾಚಾ, ಅಮಾಸಿ ದಿವಸ ಏನ್ ಮಾಡ್ತೀರಿ?”

“ಗಜೇಂದ್ರಗಡಕ್ಕ ತಂಗಿ ಮನಿಗೆ ಹೋಗ್ತೇನ್ರಿ. ಗಿರಣಿ ಬಂದ್ ಇರತೈತಲ್ಲ.”

“ಶುಕ್ರವಾರ ಮಧ್ಯಾಹ್ನ?”

“ನಮಾಜಿಗೆ.”

“ಹೋಗೂಮುಂದ ಏನರ ಬಂದ್ ಮಾಡಿ ಹೋಗ್ತೀರೇನು?”

“ಮೇನ್ ಸ್ವಿಚ್ಚು. ಮತ್ತ? ಮನಷ್ಯಾರಿಲ್ಲದ ಕಡೆ ಕರೆಂಟ್ ಯಾಕ ಬೇಕ್ರಿ?”

“ಆವತ್ತ ಕೇಳಿದರ ಕರೆಂಟ್ ಹೋಗಿಲ್ಲ ಅಂದ್ರೆಲ್ಲ!”

“ಹೋಗಿದ್ದಿಲ್ಲ ಅಕ್ಕೋರ. ನಾ ತಗದಿದ್ನಿ. ಹೋಗೂದು ಬ್ಯಾರೆ, ತಗಿಯೂದು ಬ್ಯಾರೆ.”

ಅಮಾವಾಸ್ಯೆಗೆ ನೀವೇಕೆ ಬಂದ್ ಮಾಡಬೇಕು ಎಂದು ಕೇಳಿದ್ದಕ್ಕೆ, “ನಾ ಗಿರಣಿ ಬಾಗಲಾ ತಗದು ಕುಂದ್ರಲಿಕ್ಕೆ ತಯಾರ್ ಅದೀನ್ರಿ. ನೀವು ಅಮಾಸಿ ದಿವಸ ಜ್ವಾಳಾ ತರ್ತೀರೇನು?” ಎಂದು ನನಗೇ ಕೇಳಿದರು. ತಂದವಳಲ್ಲ. ಸ್ವಿಚ್ಚು ಹಾಕಿಯೇ ಹೋಗಿರೆಂದು ಬೇಡಿಕೊಂಡೆ. ಒಪ್ಪಲಿಲ್ಲ. ಹಿಂದೊಮ್ಮೆ ಅವರಿಲ್ಲದಾಗ ತಂತಿ ಸುಟ್ಟು ಅರ್ಧ ಗಿರಣಿ ಕರಕಲಾಗಿತ್ತಂತೆ. ಸುಟ್ಟ ತೊಲೆಯನ್ನೂ ತೋರಿಸಿದರು.

ನಾನು ಆ ಪರದೇಶದವರಿಗೆ ಉದ್ದನೆಯ ಪತ್ರ ಬರೆದೆ. ಗಿರಣಿ ಎಂದರೇನು, ಶುಕ್ರವಾರದ ನಮಾಜು, ಅಮಾವಾಸ್ಯೆಗೆ ಕಾಳು ಯಾಕೆ ಬೀಸಿಸುವುದಿಲ್ಲ, ಎಲ್ಲ. ಛೀಮಾರಿ ಹಾಕುತ್ತಾರೆಂದು ಹೆದರಿದ್ದೆ. ಅವರು ಗಿರಣಿಯ ಸಮಯವನ್ನು ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕಲು ಹೇಳಿದರು. ತಂತ್ರಾಂಶದ ಹೊಸ ಆವೃತ್ತಿ ಬಿಡುವ ದಿನ ಗೊತ್ತುಮಾಡುವಾಗಲೆಲ್ಲ ಜರ್ಮನಿಯವರು, “ಆವತ್ತು ಗಿರಣಿ ತೆರೆದಿರುತ್ತದೆಯೇ?” ಎಂದು ಕೇಳತೊಡಗಿದರು. ನಾನು ಚಾಚಾನನ್ನು ಕೇಳಿ ತಿಳಿಸುತ್ತಿದ್ದೆ. ಒಮ್ಮೆ ತಂಗಿಯ ಮನೆಯಲ್ಲಿ ಮದುವೆ ಇದ್ದದ್ದರಿಂದ ಹೊಸ ಆವೃತ್ತಿ ನಾಲ್ಕು ದಿನ ತಡವಾಗಿ ಬಂತು.

ಹೀಗೇ ಒಂದು ವರ್ಷ ನಡೆಯಿತು. ಆಮೇಲೆ ಅವರಲ್ಲೇ ಯಾರೋ ಇಡೀ ವೆಬ್‌ಸೈಟಿನ ಒಂದು ಪ್ರತಿಯನ್ನು ತಮ್ಮ ಕಡೆ ಇಟ್ಟುಕೊಂಡರು. ಗಿರಣಿ ಬಂದ್ ಆದಾಗ ಓದುವವರು ತಾವಾಗಿಯೇ ಅಲ್ಲಿಗೆ ಹೋಗುತ್ತಾರೆ. ಈ ಸುದ್ದಿಯನ್ನು ಖುಷಿಯಿಂದ ಚಾಚಾಗೆ ಹೇಳಿದೆ. ಅವರು ತಕ್ಕಡಿಯ ಮೇಲಿನ ಹಿಟ್ಟು ಒರೆಸತೊಡಗಿದರು.

“ಹಂಗಾರ ಇನ್ನ ಶುಕ್ರವಾರ ನಮಗ ಯಾರೂ ಕಾಯೂದಿಲ್ಲೇನ್ರಿ?”

ಕಂಪ್ಯೂಟರನ್ನು ಮನೆಗೆ ಒಯ್ಯುವ ಮಾತು ನನ್ನ ಬಾಯಲ್ಲೇ ಉಳಿಯಿತು. ಕಂಪ್ಯೂಟರು ಈಗಲೂ ಗಿರಣಿಯ ಹಲಗೆಯ ಮೇಲೇ ಇದೆ. ಮರುವಾರ ಹೋದಾಗ ಗಿರಣಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ದರು: ಹಿಟ್ಟು, ಖಾರ, ರವಾ, ವೆಬ್‌ಸೈಟ್. ಬೆಳವಣಕಿಯಿಂದ ಬಂದ ಹೆಂಗಸೊಬ್ಬರು ಕಡಲೆಯ ಚೀಲ ಇಳಿಸುತ್ತ ಬೋರ್ಡು ಓದಿ, “ಅಣ್ಣಾರ, ಆ ನಾಕನೇದ್ದನ್ನ ತೊಯ್ಸಿ ತರಬೇಕೇನ್ರಿ, ಒಣಗಿದ್ದ ನಡೀತೈತಿ?” ಎಂದು ಕೇಳಿದರು.

“ಒಣಗಿದ್ದ ತರ್ರಿ ತಂಗಿ,” ಅಂದರು ಚಾಚಾ. “ಅಕ್ಕೋರಿಗೆ ತೊಯ್ಸಿದ್ದು ಆಗೂದಿಲ್ಲ.”