ಗೂಟಕ್ಕೆ ತೂಗುಹಾಕಿದ ಕ್ರಾಸ್‌ಬೋ

ಸಂಡೂರಿನಲ್ಲಿ ನಡೆದ ಒಂದು ಚರ್ಚಾಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ತಂದುಕೊಟ್ಟದ್ದು ಕ್ರಾಸ್‌ಬೋ. ಬಂದೂಕಿನಂಥ ಹಿಡಿ, ಟ್ರಿಗರ್, ಮುಂದುಗಡೆ ಅಡ್ಡಲಾಗಿ ಕೂರಿಸಿದ ಬಿಲ್ಲು. ಅದಕ್ಕೆ ಲೈಸೆನ್ಸ್ ಬೇಕೇ, ಬೇಡವೇ ಎಂಬುದು ವಿಷಯ. ಚೀಟಿ ಎತ್ತಿದಾಗ ನನ್ನ ಪಾಲಿಗೆ ಬಂದದ್ದು ‘ಬೇಡ’. “ಈಳಿಗೆಮಣೆಗೂ ಪೊಲೀಸರ ಸಹಿ ಹಾಕಿಸುತ್ತೀರಾ?” ಎಂದು ಎದುರಾಳಿಯನ್ನು ಕೇಳಿದೆ. ಸಭೆ ನಕ್ಕಿತು. ಕೆಟ್ಟವನು ಲೈಸೆನ್ಸಿಗೆ ಕಾಯುವುದಿಲ್ಲ, ಒಳ್ಳೆಯವನಿಗೆ ಅದು ಬೇಕಿಲ್ಲ ಎಂದೆ. ಗೆಲ್ಲಲು ಅಷ್ಟು ಸಾಕಾಯಿತು.

ಆ ಗೆಲುವನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರು ಕಮಲಾಪುರದ ನನ್ನ ಸೋದರಮಾವ. ಅವರ ಬಾಳೆತೋಟಕ್ಕೆ ಕಾಡುಹಂದಿಗಳ ಕಾಟ. ಒಂದು ದಿನ ಮೊಬೈಲಿನಲ್ಲಿ ಕ್ರಾಸ್‌ಬೋದ ಚಿತ್ರ ಹಿಡಿದುಕೊಂಡು ಹೊಸಪೇಟೆಯ ನಮ್ಮ ಮನೆಗೇ ಬಂದರು.

“ಲಾಯರಮ್ಮ, ಇದಕ್ಕ ಲೈಸೆನ್ಸ್ ಬೇಕೇನು? ಕೊಲ್ಲಾಕಲ್ಲವ್ವ, ಹೆದರ್ಸಾಕ.”

ಗೆದ್ದಂದಿನಿಂದ ಮಾವನ ಬಾಯಲ್ಲಿ ನಾನು ಲಾಯರಮ್ಮ. ಕಾಯ್ದೆಯ ಒಂದು ಪುಟವನ್ನೂ ಓದಿರಲಿಲ್ಲ. ಓದಿದ್ದು ನನ್ನದೇ ಭಾಷಣ.

“ಮದ್ದಿಲ್ಲ, ಗುಂಡಿಲ್ಲ, ಎಂಥ ಲೈಸೆನ್ಸ್ ಮಾಮಾ? ತರಿಸ್ರಿ.”

ಕೊರಿಯರ್‌ನಲ್ಲಿ ಬಂತು. ಜೊತೆಗಿದ್ದ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು.

ತೋಟ ಕಾಯುವ ಅಟ್ಟಣಿಗೆಯ ಕಂಬಕ್ಕೆ ಒಂದು ಗೂಟ ಹೊಡೆದಿದೆ. ಅಜ್ಜನ ಕಾಲದಿಂದಲೂ ಅದರಲ್ಲಿ ಕವಣೆ ತೂಗುತ್ತದೆ, ಬರಿದಾಗಿ ಅಲ್ಲ, ಕಲ್ಲು ಕೂರಿಸಿಕೊಂಡೇ. ಹಂದಿ ಬಂದಾಗ ಕಲ್ಲು ಹುಡುಕುತ್ತ ಕೂರಬಾರದಲ್ಲ! ಕಲ್ಲು ತುಂಬಿದ ಕವಣೆ ವರ್ಷವಿಡೀ ತೂಗಿದರೂ ಯಾರಿಗೂ ಏನೂ ಆಗದು, ಬೀಸುವ ಕೈ ಬೇಕು. ಮಾವ ಕ್ರಾಸ್‌ಬೋವನ್ನೂ ಹಾಗೆಯೇ ದಾರ ಎಳೆದು, ಬಾಣ ಇಟ್ಟು, ಅದೇ ಗೂಟಕ್ಕೆ ಹಾಕಿದರು. ಫೋಟೋ ತೆಗೆದು ನನಗೆ ಕಳಿಸಿದರು. ನಾನು ಹೆಬ್ಬೆರಳು ಎತ್ತಿದ ಗುರುತು ಒತ್ತಿ ಸುಮ್ಮನಾದೆ.

ಮರುದಿನ ಮಧ್ಯಾಹ್ನ ಅತ್ತೆ, ಮಾವನ ಹೆಂಡತಿ, ಬುತ್ತಿ ತಂದರು. ನಾಯಿ ಮುಟ್ಟದಿರಲೆಂದು ಅವರು ಬುತ್ತಿಗಂಟನ್ನು ಯಾವತ್ತೂ ನೇತುಹಾಕುತ್ತಿದ್ದದ್ದು ಆ ಗೂಟಕ್ಕೇ. ಅಡ್ಡ ಬಂದ ಬಿಲ್ಲಿನ ಮೂತಿಯನ್ನು ಬಲಗೈಯಿಂದ ತಳ್ಳುತ್ತ, ಎಡಗೈಯಲ್ಲಿ ಗಂಟು ಏರಿಸಿದರು. ಗಂಟಿನ ಕುಣಿಕೆ ಟ್ರಿಗರಿಗೆ ಸಿಕ್ಕಿತು. ಬಾಣ ಅವರ ಅಂಗೈಯನ್ನು ತೂರಿಕೊಂಡು ಹೋಯಿತು.

ಹೊಸಪೇಟೆಯ ಆಸ್ಪತ್ರೆಗೆ ಪೊಲೀಸರು ಬಂದರು. “ಲೈಸೆನ್ಸ್ ಬ್ಯಾಡ ಅಂತ ಯಾರ್ರಿ ಹೇಳಿದ್ದು ನಿಮಗ?”

ನಾನು ಮಾವನ ಪಕ್ಕದಲ್ಲೇ ನಿಂತಿದ್ದೆ. ಅವರು ನನ್ನತ್ತ ನೋಡಲೂ ಇಲ್ಲ. “ಯಾರೂ ಇಲ್ರಿ. ನನ್ನ ತಲ್ಯಾಗ ಬಂದಿದ್ದು” ಎಂದರು.

ಯಾವ ಪಕ್ಷವನ್ನಾದರೂ ಐದು ನಿಮಿಷ ಸಮರ್ಥಿಸಬಲ್ಲ ನಾನು ಬಾಯಿ ಬಿಡಲಿಲ್ಲ.

ಗಾಯ ಮಾಯಿತು. ಬಲಗೈಯ ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ. ಮೊದಲೆಲ್ಲ ಅತ್ತೆ ಜೋಳದ ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಈಗ ರೊಟ್ಟಿ ಬಡಿಯುವವರು ಮಾವ, ಅದೂ ತಡೆತಡೆದು.

ಹೋದ ವಾರ ಹೋಗಿದ್ದೆ. “ನೋಡವ್ವ ನಿಮ್ಮ ಮಾಮನ ರೊಟ್ಟಿ, ಅದಿರಿಗೆ ಸಂಡೂರಿನ ಗುಡ್ಡ ಅಗದಂಗ ಐತಿ” ಎಂದರು ಅತ್ತೆ.

“ಬ್ಯಾಡಾದ್ರ ಹಂದಿಗೆ ಹಾಕು” ಎಂದು ಮಾವ ಒಲೆಯ ಮುಂದಿನಿಂದಲೇ ಗೊಣಗಿ, ನೀರು ತರಲು ಹೊರಗೆ ಹೋದರು.

ಹೇಳಲೇಬೇಕೆಂದು ಬಂದದ್ದನ್ನು ಆಗ ಹೇಳಿದೆ.

“ಅತ್ತಿ, ಲೈಸೆನ್ಸ್ ಬ್ಯಾಡ ಅಂತ ಹೇಳಿದಾಕಿ ನಾನು.”

“ಗೊತ್ತೈತಿ.”

“ಬೇಕಿತ್ತು ಅತ್ತಿ. ಕೆಟ್ಟವ್ರನ್ನ ತಡಿಯಾಕಲ್ಲ. ಲೈಸೆನ್ಸ್ ಕೊಡೋಕ ಮುಂಚೆ ಯಾರಾದ್ರೂ ಒಬ್ಬರು, ‘ಹೊಡಿಯದ ಇದ್ದಾಗ ಇದನ್ನ ಹೆಂಗ ಇಡ್ತೀರಿ?’ ಅಂತ ಮಾಮಾನ್ನ ಕೇಳ್ತಿದ್ರು.”

ಅಷ್ಟು ಗಟ್ಟಿಯಾದ ವಾದವನ್ನು ನಾನು ಯಾವ ವೇದಿಕೆಯ ಮೇಲೂ ಮಂಡಿಸಿರಲಿಲ್ಲ.

“ಅವ್ರು ನಿನ್ನ ಹತ್ರ ಬಂದಿದ್ರಲ್ಲವ್ವ. ನೀನ ಕೇಳಬಹುದಿತ್ತು.”

ಅದರಲ್ಲಿ ಸಿಟ್ಟಿರಲಿಲ್ಲ.

ನನ್ನ ತಾಟು ಖಾಲಿಯಾಗಿತ್ತು. ಅತ್ತೆಯ ಎಡಗೈ ರೊಟ್ಟಿಯ ಬುಟ್ಟಿಯತ್ತ ಹೋಗಿ ನಿಂತಿತು. ಎಡಗೈಯಲ್ಲಿ ಬಡಿಸಲು ಅವರಿಗೆ ಇನ್ನೂ ಮನಸ್ಸು ಬರುವುದಿಲ್ಲ. ಬುಟ್ಟಿಯನ್ನೇ ಮೊಣಕೈಯಿಂದ ನನ್ನ ಕಡೆ ಸರಿಸಿ, “ನೀನ ಹಾಕ್ಕೊಳವ್ವ” ಎಂದರು.